ಸಹಾಯ ಬೇಕು: ಅವ್ವನ ಮೂತ್ರದ ಪೈಪ್ ಯಾವಾಗ ತೆಗೆಸಬೇಕು?

ನಮಸ್ಕಾರ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನಮ್ಮ ಅವ್ವನಿಗೆ ಸೊಂಟದ ಮೂಳೆಯ ಆಪರೇಷನ್ ಆಗಿದೆ. ಆಗ ಹಾಕಿದ ಕ್ಯಾತಿಟರ್ ಇನ್ನೂ ಹಾಗೇ ಇದೆ. ಶುಗರ್ ಬೇರೆ ಇದೆ. ಪೈಪ್ ಇದ್ದಷ್ಟು ದಿನ ಇನ್‌ಫೆಕ್ಷನ್ ಭಯ ಜಾಸ್ತಿ ಅಲ್ವಾ?

ನಮ್ಮ ಕೈಲಾದದ್ದು ಮಾಡುತ್ತಿದ್ದೇವೆ. ಕೈ ತೊಳೆದೇ ಮುಟ್ಟುತ್ತೇವೆ. ಬ್ಯಾಗ್ ನೆಲಕ್ಕೆ ತಾಗದಂತೆ, ಆದರೆ ಹೊಟ್ಟೆಗಿಂತ ಕೆಳಗೆ, ಮಂಚದ ಕಂಬಿಗೆ ನೇತುಹಾಕಿದ್ದೇವೆ. ಎಕ್ಸ್‌ರೇಗೆ ಕರೆದೊಯ್ಯುವಾಗ ಮಾತ್ರ ಅದನ್ನು ಅವ್ವನ ಹೊಟ್ಟೆ ಮೇಲೇ ಇಟ್ಟುಬಿಟ್ಟರು. ಪೈಪಿನಲ್ಲಿದ್ದ ಮೂತ್ರ ವಾಪಸ್ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ತಕ್ಷಣ ಕೆಳಗಿಳಿಸಿದೆ. ಎದೆ ಧಸಕ್ಕೆಂದಿತು. ಸದ್ಯ ಜ್ವರ, ನಡುಕ ಏನೂ ಇಲ್ಲ.

ಗೊಂದಲ ಇರುವುದು ಇಲ್ಲಿ. ಅವ್ವ ಈಗ ವಾಕರ್ ಹಿಡಿದು ಬಾತ್‌ರೂಮಿನವರೆಗೂ ನಡೆಯುತ್ತಾರೆ. ಪೈಪ್ ತೆಗೆಯಿರಿ ಅಂದರೆ ಸಿಸ್ಟರ್ "ಡಿಸ್ಚಾರ್ಜ್ ದಿನ ತೆಗೆಯೋಣ, ಸುಮ್ನೆ ಅವರಿಗೆ ಓಡಾಟ ಯಾಕೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಬೇಜಾರಿಲ್ಲ. ರೌಂಡ್ಸಿಗೆ ಬರುವ ಡಾಕ್ಟರ್ ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಬೆಡ್ಡಿಗೆ ಹೋಗಿರುತ್ತಾರೆ.

ಇಲ್ಲಿರುವ ನರ್ಸ್, ಡಾಕ್ಟರ್‌ಗಳು ದಯವಿಟ್ಟು ಹೇಳಿ: ಎದ್ದು ನಡೆಯುವ ರೋಗಿಗೆ ಪೈಪ್ ಮುಂದುವರಿಸಲು ಬೇರೇನಾದರೂ ಕಾರಣ ಇರುತ್ತದೆಯೇ? ನಾಳೆ ರೌಂಡ್ಸಿನಲ್ಲಿ ಡಾಕ್ಟರನ್ನು ಏನಂತ ಕೇಳಲಿ?