ಮಗಳಿಗೆ ಚಾಮುಂಡಿ ಅಂತ ಹೆಸರಿಡಬಹುದಾ?

ಮಂಡ್ಯದ ಅತ್ತೆ ಮೊಮ್ಮಗಳಿಗೆ ಚಾಮುಂಡೇಶ್ವರಿ ಅಂತಲೇ ಇಡಬೇಕು ಅಂತ ಹಟ ಹಿಡಿದಿದ್ದಾರೆ, ಇಲ್ಲಿ ವಿದೇಶದ ಶಾಲೆಯಲ್ಲಿ ಮಗು ಪಾಡೇನು ಅಂತ ಕೇಳಿದ್ದೀರಲ್ಲ. ನಾನು ಮೈಸೂರಿನವಳು, ಹಾಗಾಗಿ ನನ್ನ ಓಟು ಅತ್ತೆಗೇ. ಆದರೆ ‘ಈಶ್ವರಿ’ ಬೇಡ. ಚಾಮುಂಡಿ ಸಾಕು.

ಅರ್ಥ ಕೇಳಿದ್ದೀರಿ. ಮಾರ್ಕಂಡೇಯ ಪುರಾಣದ ಒಳಗೆ ದೇವೀ ಮಾಹಾತ್ಮ್ಯೆ ಅಂತ ಬರುತ್ತದೆ, 13 ಅಧ್ಯಾಯ. ಅದರ 7ನೇ ಅಧ್ಯಾಯದಲ್ಲಿ ಚಂಡ, ಮುಂಡ ಅನ್ನೋ ಇಬ್ಬರು ಅಸುರರು ದೇವಿಯನ್ನು ಹಿಡಿದು ತರಲು ಹೋಗುತ್ತಾರೆ. ದೇವಿಯ ಮುಖ ಸಿಟ್ಟಿನಿಂದ ಕಪ್ಪಗಾಗುತ್ತದೆ. ಗಂಟಿಕ್ಕಿದ ಹುಬ್ಬಿನ ನಡುವಿಂದ ಕಾಳಿ ಹೊರಗೆ ಬರುತ್ತಾಳೆ. ಇಬ್ಬರ ತಲೆಯನ್ನೂ ಕಡಿದು ತಂದು ಮುಂದಿಡುತ್ತಾಳೆ. ಚಂಡಮುಂಡರನ್ನು ತಂದಿದ್ದಕ್ಕೆ ನಿನ್ನ ಹೆಸರು ಚಾಮುಂಡಾ ಅಂತ ದೇವಿಯೇ ಹೇಳುತ್ತಾಳೆ. ಅಂದರೆ ಗೆದ್ದು ಬಂದ ಮೇಲೆ ಸಿಕ್ಕ ಹೆಸರು ಇದು. ಮಗಳಿಗೆ ಹೇಳುವಾಗ ಸುಮ್ನೆ ‘ದೇವರ ಹೆಸರು ಕಣೇ’ ಅಂತ ತೇಲಿಸಬೇಡಿ. ತಲೆ ಕಡಿದ ಕಥೆಯನ್ನೂ ಹೇಳಿ, ಮಕ್ಕಳಿಗೆ ಅದೇ ಜಾಸ್ತಿ ಇಷ್ಟ.

ಮಹಿಷಾಸುರನ ಕಥೆ ಎಲ್ಲಿ ಹೋಯಿತು ಅಂತೀರಾ? ಪುಸ್ತಕದಲ್ಲಿ ಅವನು 3ನೇ ಅಧ್ಯಾಯಕ್ಕೇ ಸತ್ತಿರುತ್ತಾನೆ. ನಮ್ಮ ಚಾಮುಂಡಿ ಬೆಟ್ಟದಲ್ಲಿ ಮಾತ್ರ ಎರಡೂ ಕಥೆ ಕೂಡಿಕೊಂಡಿವೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಮಹಿಷನ ಮುಂದೆ ಫೋಟೋ ತೆಗೆಸಿಕೊಳ್ಳದ ಮೈಸೂರಿನವರು ಇದ್ದಾರಾ? ಆ ಬೆಟ್ಟಕ್ಕೂ ಮೊದಲು ಮಹಾಬಲಾದ್ರಿ ಅಂತ ಹೆಸರಿತ್ತು. ಅಮ್ಮನ ಗುಡಿಯ ಪಕ್ಕದಲ್ಲೇ ಇರೋ ಮಹಾಬಲೇಶ್ವರನ ಗುಡಿ ಇನ್ನೂ ಹಳೆಯದು, ಅಲ್ಲಿಗೆ ಹೋಗುವವರು ಕಮ್ಮಿ ಅಷ್ಟೇ.

ಹಳೇ ದೇವಸ್ಥಾನಗಳ ಸಪ್ತಮಾತೃಕೆಯರ, ಅಂದರೆ ಏಳು ತಾಯಿ ದೇವತೆಯರ ಸಾಲಿನಲ್ಲಿ ಚಾಮುಂಡಿಯನ್ನು ನೋಡಿದ್ದೀರಾ? ಒಣಗಿದ ಮೈ, ಒಳಗೆ ಹೋದ ಹೊಟ್ಟೆ, ರುಂಡಮಾಲೆ. ರೇಷ್ಮೆ ಸೀರೆ ಉಟ್ಟು ಅಲಂಕಾರದಲ್ಲಿ ಕೂತ ನಮ್ಮ ಅಮ್ಮನಿಗೂ ಅವಳಿಗೂ ಒಂದೇ ಹೆಸರು ಅಂದರೆ ನಂಬೋದು ಕಷ್ಟ.

ಇನ್ನು ನಮ್ಮ ಕಡೆಯ ಜನಪದದಲ್ಲಿ ಅವಳು ಪೂರ್ತಿ ಮನೆಮಗಳು. ಉತ್ತನಹಳ್ಳಿ ಮಾರಮ್ಮ ತಂಗಿ. ನಂಜನಗೂಡಿನ ನಂಜುಂಡ ಹೆಂಡತಿ ಇದ್ದೂ ಇವಳಿಗೆ ಮನಸೋಲುತ್ತಾನೆ, ಆಮೇಲೆ ನಡೆಯೋ ಜಗಳ ಕೇಳಬೇಕು! ಪುರಾಣದಲ್ಲಿ ಇದೆಲ್ಲಾ ಹುಡುಕಬೇಡಿ. ನಿಮ್ಮ ಅತ್ತೆಗೆ ಈ ಕಥೆಯ ಹಾಡು ಗೊತ್ತಿದ್ದರೂ ಗೊತ್ತಿರಬಹುದು, ವಿಡಿಯೋ ಕಾಲ್‌ನಲ್ಲಿ ಹಾಡಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಈಗ ಕಾಗದದ ವಿಷಯ. ಚಾಮುಂಡೇಶ್ವರಿ ಇಂಗ್ಲಿಷಿನಲ್ಲಿ 14 ಅಕ್ಷರ. ಚಾಮುಂಡಿಗೆ 8 ಸಾಕು, ಓದಿದ ಹಾಗೇ ಉಚ್ಚಾರ. ಫ್ರೆಂಚರ ನಡುವೆ ಇರೋರಿಗೆ ಮಾತ್ರ ಒಂದು ಎಚ್ಚರ, ಅಲ್ಲಿ ಅವಳು ಶಾಮುಂಡಿ ಆಗುತ್ತಾಳೆ. ಹೆಸರಿನ ಮುಂದೆ ಊರು, ಅಪ್ಪನ ಇನಿಷಿಯಲ್ ಅಂಟಿಸಿ ಬಿಡೋ ನಮ್ಮ ಅಭ್ಯಾಸ ಇಲ್ಲಿ ಬೇಡ. ಸರ್‌ನೇಮ್ ಯಾವುದು ಅಂತ ಈಗಲೇ ತೀರ್ಮಾನಿಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬೀಳುತ್ತದೆ, ಆಮೇಲೆ ಬ್ಯಾಂಕಿನಿಂದ ಹಿಡಿದು ಎಲ್ಲಾ ಕಡೆ ಅದೇ ಗೋಳು.

‘ಚಮ್ಮಿ’, ‘ಮುನ್ನಿ’ ಅಂತ ನೀವೇ ಮೊದಲು ಮೊಟಕು ಮಾಡದಿದ್ದರೆ ಟೀಚರುಗಳು ಪೂರ್ತಿ ಹೆಸರನ್ನೇ ಕಲಿಯುತ್ತಾರೆ, ನನ್ನ ಅಕ್ಕನ ಮಗಳ ಶಾಲೆಯಲ್ಲಿ ಹಾಗೇ ಆಯಿತು. ಎರಡನೇ ಹೆಸರಾಗಿ ಇಟ್ಟರೆ ಹೇಗೆ ಅಂತ ನಿಮ್ಮ ಯಜಮಾನರು ಕೇಳಿದ್ದರಲ್ಲ, ಅದು ಪಾಸ್‌ಪೋರ್ಟಿನಲ್ಲೇ ಉಳಿದುಬಿಡುತ್ತೆ, ಯಾರೂ ಕರೆಯಲ್ಲ. ಹಾಗೆ ಇಟ್ಟವರು ಗುಂಪಿನಲ್ಲಿ ಇದ್ದೀರಲ್ವಾ, ನೀವೇ ಹೇಳಿ.