ಟ್ಯಾನರ್ ಟ್ರೇಲ್‌ಗೆ ತಡಿಯಂಡಮೋಳ್ ತಯಾರಿ ಸಾಕಾ? ನೀರಿನ ಲೆಕ್ಕ ಹೇಳಿ

ಕಕ್ಕಬ್ಬೆ_ಕಾಲುದಾರಿ:
ಎಲ್ಲರಿಗೂ ನಮಸ್ಕಾರ. ತುಲಾ ಸಂಕ್ರಮಣ ಮುಗಿಸಿ, ಕಾಫಿ ಕುಯ್ಲು ಶುರುವಾಗುವ ಮೊದಲು, ನಾವು ಮೂವರು ಅಮೆರಿಕದ ಅರಿಝೋನಾಕ್ಕೆ ಹೊರಟಿದ್ದೇವೆ. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಟ್ಯಾನರ್ ಟ್ರೇಲ್ ಎಂಬ ಕಾಲುದಾರಿ ಇಳಿದು, ಕೊಲೊರಾಡೊ ನದಿಯ ದಂಡೆಯಲ್ಲಿ ಎರಡು ರಾತ್ರಿ ಇದ್ದು, ಅದೇ ದಾರಿಯಲ್ಲಿ ವಾಪಸ್. ಕೊಡಗಿನ ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿ ಬೆಟ್ಟ ಮೂರೂ ಹತ್ತಿದ್ದೇವೆ. ದಾರಿಯಲ್ಲಿ ನೀರೇ ಇಲ್ಲವಂತೆ, ತಲಾ ಎಷ್ಟು ಲೀಟರ್ ಹೊರಬೇಕು? ನದಿ ನೀರು ಕೆಂಪಗಿದ್ದರೆ ಫಿಲ್ಟರ್ ಸಾಕಾ? ಇಲ್ಲಿಂದ ಏನು ಒಯ್ಯಬೇಕು, ಏನು ಬೇಡ?

ಗಾಳಿಬೀಡು_ಗುಡ್ಡ:
ಶುರುವಾಗುವ ಲಿಪನ್ ಪಾಯಿಂಟ್ ಸುಮಾರು 2,225 ಮೀಟರ್ ಎತ್ತರದಲ್ಲಿದೆ, ನದಿ ಸುಮಾರು 820ರಲ್ಲಿ. ನಡುವೆ 14.5 ಕಿ.ಮೀ. ದಾರಿ, 1,400 ಮೀಟರ್ ಇಳಿತ, ಒಂದು ತೊಟ್ಟೂ ನೀರಿಲ್ಲ, ನೆರಳೂ ಅಷ್ಟಕ್ಕಷ್ಟೆ. ಅಕ್ಟೋಬರಿನಲ್ಲಿ ನಮ್ಮ ಬೆಟ್ಟಗಳಲ್ಲಿ ತಿರುವಿಗೊಂದು ತೋಡು ಹರಿಯುತ್ತಿರುತ್ತದೆ. ಆ ಧೈರ್ಯ ಇಲ್ಲೇ ಬಿಟ್ಟು ಹೋಗಿ.

ತಲಾ 7 ಲೀಟರ್ ಹೊತ್ತು ಇಳಿಯಿರಿ. 4 ಲೀಟರ್ ಕುಡಿಯಲು, 3 ಲೀಟರ್ ದಾರಿಯಲ್ಲಿ ಬಚ್ಚಿಡಲು. ಎಲ್ಲಿ ಅಂದರೆ, ರೆಡ್‌ವಾಲ್ ಎಂಬ ಸುಣ್ಣಕಲ್ಲಿನ ಗೋಡೆಯ ನೆತ್ತಿಯಲ್ಲಿ, ಹೆಚ್ಚುಕಡಿಮೆ ಅರ್ಧ ದಾರಿಗೆ. ಎಸ್ಕಲಾಂಟೆ, ಕಾರ್ಡೆನಾಸ್ ಗುಡ್ಡಗಳ ಬುಡದಲ್ಲಿ ಸುಮಾರು ಸಮತಟ್ಟಾಗಿ ಸಾಗಿದ ದಾರಿ ಇದ್ದಕ್ಕಿದ್ದಂತೆ ಕಡಿದಾಗಿ ಬೀಳುವ ಜಾಗ ಅದು, ಗುರುತು ತಪ್ಪುವುದಿಲ್ಲ. ಮಿನರಲ್ ವಾಟರಿನ ತೆಳು ಬಾಟಲ್ ಇಡಬೇಡಿ, ಇಲಿ ಕಡಿಯುತ್ತದೆ, ದೊಡ್ಡ ಕಾಗೆ ಕುಕ್ಕುತ್ತದೆ. ಗಟ್ಟಿ ಬಾಟಲ್ ಮೇಲೆ ಹೆಸರು, ತಾರೀಕು ಬರೆದು, ಬಂಡೆಯ ನೆರಳಿಗೆ ಸರಿಸಿ, ಕಲ್ಲು ಹೇರಿ, ಫೋಟೊ ತೆಗೆದುಕೊಳ್ಳಿ. ಖಾಲಿ ಬಾಟಲ್ ವಾಪಸ್ ತರಲೇಬೇಕು.

ಇಳಿಯಲು 5–6 ಗಂಟೆ ಹಿಡಿದರೆ ಹತ್ತಲು 10 ಎಂದಿಟ್ಟುಕೊಳ್ಳಿ. ಅಕ್ಟೋಬರ್ ಕೊನೆಗೆ ಅಲ್ಲಿ ಹಗಲು 11 ಗಂಟೆಗೂ ಕಡಿಮೆ, ಹಾಗಾಗಿ ವಾಪಸಿನ ದಿನ ಬೆಳಗ್ಗೆ 4ಕ್ಕೆ ಹೆಡ್‌ಲ್ಯಾಂಪ್ ಹಾಕಿ ಹೊರಡಿ. ನದಿಯಿಂದ 4 ಲೀಟರ್ ತುಂಬಿಕೊಳ್ಳಿ, ಬಚ್ಚಿಟ್ಟದ್ದನ್ನು ನೆಚ್ಚಿ ಕಡಿಮೆ ಮಾಡಬೇಡಿ.

ಇನ್ನೊಂದು. ಅಲ್ಲಿ ಬೆವರು ಕಾಣುವುದೇ ಇಲ್ಲ, ಹುಟ್ಟಿದಲ್ಲೇ ಆರಿ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಉಳಿಯುತ್ತದೆ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ: ತಲೆನೋವು, ವಾಂತಿ, ಆಮೇಲೆ ಮಂಕು. ನೋಡಿದವರು ನೀರು ಕಮ್ಮಿಯಾಗಿದೆ ಅಂದುಕೊಂಡು ಮತ್ತಷ್ಟು ಕುಡಿಸುತ್ತಾರೆ, ಅಲ್ಲೇ ಎಡವಟ್ಟು. ಗಂಟೆಗೊಮ್ಮೆ ಉಪ್ಪಿರುವ ತಿಂಡಿ ತಿನ್ನಿ, ಖಾರ ಅವಲಕ್ಕಿ, ಉಪ್ಪುಗಡಲೆ ಏನಾದರೂ ಸರಿ. ಓಆರ್‌ಎಸ್ ಪೊಟ್ಟಣ ದಿನಕ್ಕೆ ಎರಡಾದರೂ ಇರಲಿ.

ತೋಟದ_ಗೇಟು:
ನದಿ ನೀರಿನ ವಿಷಯ ನಾನು ಹೇಳುತ್ತೇನೆ. ಲಿಟ್ಲ್ ಕೊಲೊರಾಡೊ ಎಂಬ ಉಪನದಿ ಬಂದು ಸೇರುವುದು ಟ್ಯಾನರಿಗಿಂತ ಮೇಲ್ಗಡೆ. ಆ ಕಡೆ ಮಳೆಯಾದರೆ ನಿಮ್ಮ ಮುಂದೆ ಹರಿಯುವುದು ಆಗಸ್ಟಿನ ಹಾರಂಗಿಗಿಂತ ಗಟ್ಟಿ ಕೆಸರು. ಅದನ್ನು ನೇರ ಫಿಲ್ಟರಿಗೆ ಸುರಿದರೆ ಎರಡನೇ ಲೀಟರಿಗೇ ಕಟ್ಟಿಕೊಳ್ಳುತ್ತದೆ.

ಮಡಚುವ ಬಕೆಟ್ ಒಯ್ಯಿರಿ. ನಾಲ್ಕು ಲೀಟರಿಗೆ ಒಂದು ಚಿಟಿಕೆ ಪಟಿಕದ ಪುಡಿ ಹಾಕಿ ಒಂದು ನಿಮಿಷ ಜೋರಾಗಿ, ನಾಲ್ಕೈದು ನಿಮಿಷ ನಿಧಾನಕ್ಕೆ ತಿರುಗಿಸಿ ಬಿಡಿ. ಹಾಲು ಒಡೆದ ಹಾಗೆ ಕೆಸರು ಗಂಟುಗಂಟಾಗಿ ತಳ ಸೇರುತ್ತದೆ. ಅರ್ಧ ಗಂಟೆ, ಆಗದಿದ್ದರೆ ಒಂದು ಗಂಟೆ ಕಾಯಿರಿ. ಮೇಲಿನ ತಿಳಿಯನ್ನು ಕದಡದೆ ಬಗ್ಗಿಸಿ, ಪಂಚೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರಿಗೆ. ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವ ಸಿರಿಂಜ್ ಮರೆಯಬೇಡಿ. ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಬ್ಯಾಕಪ್‌ಗೆ ಸರಿ, ಆದರೆ ಕೆಸರು ನೀರಿಗೆ ಹಾಕಿದರೆ ಮಾತ್ರೆಯ ಶಕ್ತಿ ಕೆಸರಿಗೇ ಖರ್ಚಾಗುತ್ತದೆ. ತಿಳಿ ಮಾಡಿದ ಮೇಲೂ ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರುವ ಪರೋಪಜೀವಿ ಸಾಯಲು 4 ಗಂಟೆ ಬೇಕು.

ಈಜಲು ಇಳಿಯಬೇಡಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ತಳದಿಂದ ಬರುವ ತಣ್ಣೀರು, ಸೆಳೆತವೂ ಜೋರು. ಅಣೆಕಟ್ಟಿನಿಂದ ಬಿಡುವುದು ಹೆಚ್ಚುಕಡಿಮೆ ಆದ ಹಾಗೆ ನೀರಿನ ಮಟ್ಟವೂ ಏರಿಳಿಯುತ್ತದೆ. ಸಂಜೆ ದಂಡೆಯಲ್ಲಿಟ್ಟ ಬಕೆಟ್ ಬೆಳಗ್ಗೆ ಇರುವುದಿಲ್ಲ.

ಬಾಳೆಲೆ_74:
ಇಬ್ಬರೂ ಹೇಳಿದ್ದು ಸರಿ, ಆದರೆ ಮೊದಲ ಸಲವೇ ಟ್ಯಾನರ್ ಬೇಡ ಅನ್ನುವವನು ನಾನು. ಅದೇ ಕಣಿವೆಯ ಸೌತ್ ಕೈಬಾಬ್ ದಾರಿ ಇಳಿದು ಬ್ರೈಟ್ ಏಂಜೆಲ್ ದಾರಿ ಹತ್ತುವುದು ಒಳ್ಳೆಯದು. ಆ ದಾರಿಗಳನ್ನು ದುರಸ್ತಿ ಮಾಡುತ್ತಾರೆ, ರೇಂಜರುಗಳಿರುತ್ತಾರೆ, ಬ್ರೈಟ್ ಏಂಜೆಲ್ ದಾರಿಯ ಹವಾಸುಪಾಯ್ ಗಾರ್ಡನ್ಸ್‌ನಲ್ಲಿ ನೀರಿದೆ. ಟ್ಯಾನರ್‌ನಲ್ಲಿ ದುರಸ್ತಿ ಇಲ್ಲ, ಕಾಲು ಉಳುಕಿದರೆ ಕೇಳುವವರಿಲ್ಲ.

ಹೋಗಿಯೇ ಹೋಗುತ್ತೀರಿ ಅಂದರೆ ತಯಾರಿ ಬದಲಿಸಿ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದ್ದು ಎದೆಗೆ ಒಳ್ಳೆಯದು, ಆದರೆ ಟ್ಯಾನರ್‌ನಲ್ಲಿ ಮೊದಲು ಸೋಲುವುದು ಮಂಡಿ. ಬೆನ್ನಿಗೆ 15 ಕಿಲೊ ಹಾಕಿ ಇಳಿಯುವುದನ್ನು ಅಭ್ಯಾಸ ಮಾಡಿ, ತುದಿಯಲ್ಲಿ ನೀರು ಚೆಲ್ಲಿ ಹಗುರಾಗಬೇಡಿ. ನಮ್ಮ ಮಣ್ಣು ಜಾರುತ್ತದೆ, ಅಲ್ಲಿಯ ಜಲ್ಲಿ ಉರುಳುತ್ತದೆ. ಕಣದಲ್ಲಿ ಹರವಿದ ಒಣ ಕಾಫಿ ಹಣ್ಣಿನ ಮೇಲೆ ಇಳಿಜಾರಿನಲ್ಲಿ ನಡೆದಂತೆ. ಎರಡು ಕೋಲು ಬೇಕೇ ಬೇಕು. ಶೂ ಅರ್ಧ ಸೈಜ್ ದೊಡ್ಡದಿರಲಿ, ಹೊರಡುವ ಮುನ್ನ ಕಾಲುಗುರು ಕತ್ತರಿಸಿ, ಇಲ್ಲದಿದ್ದರೆ ಉಗುರು ಕಪ್ಪಾಗಿ ಬೀಳುತ್ತದೆ.

ಜಿಗಣೆ ಸಾಕ್ಸ್ ಮನೆಯಲ್ಲೇ ಇರಲಿ, ಬದಲಿಗೆ ಬಾಚಣಿಗೆ, ಚಿಮಟ ಹಾಕಿಕೊಳ್ಳಿ. ಕಳ್ಳಿಯ ಮುಳ್ಳುಂಡೆ ಅಂಟಿದರೆ ಕೈ ಹಾಕದೆ ಬಾಚಣಿಗೆಯಿಂದ ಚಿಮ್ಮಿಸಬೇಕು. ಬೆಳಗ್ಗೆ ಶೂ ಕೊಡವಿ ಹಾಕಿ, ಚೇಳು ಇರುತ್ತದೆ. ತಿಂಡಿಗೆ ಸ್ಟೀಲ್ ಡಬ್ಬಿ, ಇಲಿಗೆ ಬೇರೆ ಮದ್ದಿಲ್ಲ. ಒಣ ಪಂದಿ, ಮಾಂಸದ ಉಪ್ಪಿನಕಾಯಿ ಯಾವುದೂ ಬೇಡ, ಅಮೆರಿಕದ ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ. ಗ್ಯಾಸ್ ಕ್ಯಾನ್ ವಿಮಾನಕ್ಕೆ ಹತ್ತುವುದಿಲ್ಲ, ಅಲ್ಲೇ ಕೊಳ್ಳಿ. ಕಣಿವೆಯಲ್ಲಿ ಬೆಂಕಿ ಹಾಕುವಂತಿಲ್ಲ.

ಮಲಕ್ಕೆ ನೀರಿನಿಂದ 60 ಮೀಟರ್ ದೂರ, 15 ಸೆಂ.ಮೀ. ಗುಂಡಿ, ಕಾಗದ ಮಾತ್ರ ಚೀಲದಲ್ಲಿ ವಾಪಸ್. ಮೂತ್ರ ನೇರ ಕೊಲೊರಾಡೊ ನದಿಗೇ! ಕಾವೇರಮ್ಮನಿಗೆ ಕೈಮುಗಿದು ಬೆಳೆದವರಿಗೆ ಮನಸ್ಸು ಒಪ್ಪಲಿಕ್ಕಿಲ್ಲ, ಆದರೆ ನಿಯಮ ಹಾಗೇ ಇದೆ. ಮಳೆ ಕಾಣದ ಮರಳಿನಲ್ಲಿ ವಾಸನೆ ಹೋಗುವುದೇ ಇಲ್ಲ.

ಕಕ್ಕಬ್ಬೆ_ಕಾಲುದಾರಿ:
ತುಂಬಾ ಉಪಕಾರ ಆಯ್ತು. ಪಟಿಕ ಹೊಳೆದೇ ಇರಲಿಲ್ಲ. ಫೋನ್ ಸಿಗ್ನಲ್ ಇಲ್ಲವಲ್ಲ, ಇಲ್ಲಿಂದಲೇ ಗಾರ್ಮಿನ್ ಇನ್‌ರೀಚ್ (ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಉಪಕರಣ) ತೆಗೆದುಕೊಂಡು ಹೋಗಲಾ?

ಗಾಳಿಬೀಡು_ಗುಡ್ಡ:
ಬೇಡವೇ ಬೇಡ. ಪರವಾನಗಿ ಇಲ್ಲದೆ ಸ್ಯಾಟಲೈಟ್ ಉಪಕರಣ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಅಲ್ಲಿ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ಹಿಂದಿರುಗಿಸಿ. ರಾತ್ರಿ ತಂಗಲು ಬ್ಯಾಕ್‌ಕಂಟ್ರಿ ಪರ್ಮಿಟ್ ಕಡ್ಡಾಯ, ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ತಿಂಗಳುಗಳ ಮುಂಚೆಯೇ ಲಾಟರಿ ನಡೆಯುತ್ತದೆ. ಲಿಪನ್ ಪಾಯಿಂಟಿಗೆ ಉಚಿತ ಶಟಲ್ ಬಸ್ ಇಲ್ಲ, ಕಾರು ಬೇಕು. ಫೋನಿನ ಗಡಿಯಾರವನ್ನು ಕೈಯಲ್ಲೇ ಹೊಂದಿಸಿಕೊಳ್ಳಿ. ಅರಿಝೋನಾ ಬೇಸಿಗೆ ಸಮಯಕ್ಕೆ ಗಡಿಯಾರ ತಿದ್ದುವುದಿಲ್ಲ, ಪಕ್ಕದ ನವಾಹೊ ಬುಡಕಟ್ಟಿನ ಸೀಮೆ ಒಂದು ಗಂಟೆ ಮುಂದಕ್ಕೆ ತಿದ್ದುತ್ತದೆ. ಆ ಕಡೆಯ ಟವರ್ ಹಿಡಿದರೆ ಬೆಳಗ್ಗೆ 4ರ ಅಲಾರಂ 3ಕ್ಕೇ ಹೊಡೆಯುತ್ತದೆ.