ತಪಸ್ಸುಕಾಲದ ಡಬ್ಬಿ, ಪೂಜೆ ಕೋರಿಕೆ, ಅಂತೋಣಿಯವರ ರೊಟ್ಟಿ: ಬಡ ರೋಗಿಗಳಿಗಾಗಿ ಹಣ ಕೂಡಿಸುವ ಬಗ್ಗೆ ಅನುಭವ ಹಂಚಿಕೆ

ಪ್ರಶ್ನೆ

ನಮ್ಮದು ಕರಾವಳಿಯ ಚಿಕ್ಕ ಕಥೋಲಿಕ ಧರ್ಮಕೇಂದ್ರ (ಒಂದು ಚರ್ಚಿಗೆ ಸೇರಿದ ಕುಟುಂಬಗಳ ಸಮುದಾಯ), 180 ಮನೆ. ಊರಿನ ಬಡ ಡಯಾಲಿಸಿಸ್ ರೋಗಿಗಳಿಗೆ, ಯಾವ ಧರ್ಮದವರಾದರೂ ಸರಿ, ನೆರವಾಗಲು, ಬಡವರ ಸೇವೆಗಾಗಿರುವ ನಮ್ಮ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಹಣ ಕೂಡಿಸಬೇಕೆಂದಿದ್ದೇವೆ. ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತಿದರೆ ಜನರಿಗೆ ಬೇಸರ. ತಪಸ್ಸುಕಾಲ (ಪಾಸ್ಕ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ), ನೊವೇನಾ (ಒಂಬತ್ತು ದಿನದ ಪ್ರಾರ್ಥನೆ), ಪೂಜೆ ಕೋರಿಕೆ (ಕಾಣಿಕೆ ಕೊಟ್ಟು ಒಂದು ಉದ್ದೇಶಕ್ಕಾಗಿ ಬಲಿಪೂಜೆ ಕೇಳುವುದು), ಇವುಗಳ ಆಧಾರದಲ್ಲಿ ಮಾಡಬಹುದೇ? ಎಲ್ಲಿ ಎಚ್ಚರ ಬೇಕು?

ವಿನ್ಸೆಂಟ್ ಸಭೆಯ ಹಿರಿಯ ಸದಸ್ಯರು

ಉಪವಾಸಕ್ಕೂ ದಾನಕ್ಕೂ ಇರುವ ನಂಟನ್ನು ಮೊದಲು ಹಿಡಿಯಿರಿ, ಉಳಿದದ್ದೆಲ್ಲ ಆಮೇಲೆ. ಊಟ ಬಿಟ್ಟ ದಿನ ಆ ಊಟದ ಖರ್ಚನ್ನು ಲೆಕ್ಕ ಹಾಕಿ ವಿಧವೆಗೋ ಅನಾಥರಿಗೋ ಕೊಡಬೇಕೆಂಬ ಮಾತು 2ನೇ ಶತಮಾನದ ಕ್ರೈಸ್ತ ಬರಹದಲ್ಲೇ ಇದೆ. ಅಮೆರಿಕದ ಅಲೆನ್‌ಟೌನಿನಲ್ಲಿ 1975ರಲ್ಲಿ ಶುರುವಾದ ‘ರೈಸ್ ಬೌಲ್’ ರಟ್ಟಿನ ಡಬ್ಬಿ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಆದ್ದರಿಂದ “ದಯವಿಟ್ಟು ಧನಸಹಾಯ ಮಾಡಿ” ಎಂದು ಕೇಳಬೇಡಿ. “ಬಿಟ್ಟ ಊಟದ ಬೆಲೆಯನ್ನು ಡಬ್ಬಿಗೆ ಹಾಕಿ” ಎನ್ನಿ. ಇದು ಬಡ ಮನೆಗೂ ಸಾಧ್ಯ, ಮಕ್ಕಳಿಗೂ ಅರ್ಥವಾಗುತ್ತದೆ.

ಮಾಡುವ ಕ್ರಮ: ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಹಿಂದಿನ ಭಾನುವಾರ ಮನೆಗೊಂದು ಡಬ್ಬಿ. ಮುಚ್ಚಳಕ್ಕೆ ಕಾಗದದ ಮುದ್ರೆ, ತಳಕ್ಕೆ ಸಂಖ್ಯೆ. ಡಬ್ಬಿಯ ಮೇಲೆ ಏಳು ಚೌಕಗಳಿರುವ ಚೀಟಿ ಅಂಟಿಸಿ: ಬೂದಿ ಬುಧವಾರಕ್ಕೆ ಒಂದು, ಪಾಸ್ಕಕ್ಕೆ ಹಿಂದಿನ ಗರಿಗಳ ಭಾನುವಾರದೊಳಗೆ ಬರುವ ಆರು ಶುಕ್ರವಾರಗಳಿಗೆ ಆರು. ಹಣ ಹಾಕಿದ ದಿನ ಮನೆಯ ಮಗು ಚೌಕಕ್ಕೆ ಗುರುತು ಹಾಕಲಿ. ಚೌಕವಿಲ್ಲದ ಡಬ್ಬಿ ಎರಡನೇ ವಾರಕ್ಕೆ ಫ್ರಿಜ್ ಮೇಲೆ ಮರೆತುಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಮಸ್ಯೆ. ನಿಯಮದಂತೆ ಶುಕ್ರವಾರ ಮಾಂಸ ವರ್ಜ್ಯ, ಮೀನಿಗೆ ತಡೆಯಿಲ್ಲ. ಕೋಳಿ ಬಿಟ್ಟು ಅಂಜಲ್ ಮೀನು ತಂದರೆ ಡಬ್ಬಿಗೆ ಏನೂ ಉಳಿಯದು. ಆ ದಿನ ಗಂಜಿ-ಚಟ್ನಿ ಎಂದು ಸ್ಪಷ್ಟವಾಗಿ ಹೇಳಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 150 ರೂಪಾಯಿ ಉಳಿದರೆ ಏಳು ದಿನಕ್ಕೆ 1,050. ಮೂರರಲ್ಲಿ ಎರಡು ಪಾಲು ಡಬ್ಬಿಗಳಷ್ಟೇ ಸರಿಯಾಗಿ ತುಂಬಿ ಬರುತ್ತವೆಂದು ಇಟ್ಟುಕೊಳ್ಳಿ: 120 ಮನೆ, 1,26,000 ರೂಪಾಯಿ. ರೋಗಿಗಳಿಗೆ ಮಾತು ಕೊಡುವುದು ಇಷ್ಟರ ಮೇಲೆಯೇ ಇರಲಿ.

ಡಬ್ಬಿ ಒಪ್ಪಿಸಲು ಪಾಸ್ಕಕ್ಕೆ ಮುಂಚಿನ ಪವಿತ್ರ ಗುರುವಾರ ಸಂಜೆಯೇ ಸೂಕ್ತ. ಪ್ರಭುವಿನ ಕೊನೆಯ ಭೋಜನದ ಪೂಜೆಯಲ್ಲಿ ರೊಟ್ಟಿ ದ್ರಾಕ್ಷಾರಸದ ಜತೆ ಬಡವರಿಗಾಗಿ ಕಾಣಿಕೆಗಳನ್ನೂ ಮೆರವಣಿಗೆಯಲ್ಲಿ ತರಬಹುದೆಂದು ಪೂಜಾವಿಧಿಯೇ ಹೇಳುತ್ತದೆ.

ಲೆಕ್ಕಪತ್ರ ನೋಡುವವರು

ಹಿರಿಯರ ಮಾತೆಲ್ಲ ಸರಿ, ಡಬ್ಬಿಯನ್ನು ಗುರುವಾರ ತರುವುದೊಂದನ್ನು ಬಿಟ್ಟು. ಅಂದು ರಾತ್ರಿ ಆರಾಧನೆ, ಎಲ್ಲರಿಗೂ ಓಡಾಟ. ಮರುದಿನ ಶುಭ ಶುಕ್ರವಾರ, ಬ್ಯಾಂಕಿಗೆ ರಜೆ. ಒಂದು ಲಕ್ಷಕ್ಕೂ ಹೆಚ್ಚು ನಗದು, ಅದರಲ್ಲಿ ಮೂಟೆ ಚಿಲ್ಲರೆ, ಸಕ್ರಿಸ್ತಿಯ (ಚರ್ಚಿನ ಪೂಜಾಸಾಮಗ್ರಿ ಕೋಣೆಯ) ಬೀರುವಿನಲ್ಲಿ ಇರಬಾರದು. ಗರಿಗಳ ಭಾನುವಾರ ಡಬ್ಬಿ ತರಿಸಿ, ಅಂದೇ ಎಣಿಸಿ, ಸೋಮವಾರ ಬ್ಯಾಂಕಿಗೆ ಕಟ್ಟಿ. ಗುರುವಾರದ ಮೆರವಣಿಗೆಯಲ್ಲಿ ಅಕ್ಕಿ, ಬೇಳೆ ಮತ್ತು ಒಟ್ಟು ಮೊತ್ತ ಬರೆದ ಚೀಟಿ ಹೋಗಲಿ.

ಶುಭ ಶುಕ್ರವಾರದ ಕಾಣಿಕೆಗಂತೂ ಕೈ ಹಾಕಬೇಡಿ, ಅದು ಪವಿತ್ರ ನಾಡಿನ ಕ್ರೈಸ್ತರಿಗೆ ಮೀಸಲು. ಕಥೋಲಿಕ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾದ ಅಭಿಯಾನವೂ ತಪಸ್ಸುಕಾಲದಲ್ಲೇ ಬರುವುದರಿಂದ ಧರ್ಮಪ್ರಾಂತ್ಯದ (ಬಿಷಪರ ಆಡಳಿತದ) ಸುತ್ತೋಲೆ ನೋಡಿ ದಿನ ಗೊತ್ತುಮಾಡಿ.

ಎಣಿಸುವಾಗ ಒಂದೇ ಮನೆಯವರಲ್ಲದ ಮೂವರು: ಒಬ್ಬರು ಮುದ್ರೆ ಒಡೆಯಲು, ಒಬ್ಬರು ಎಣಿಸಲು, ಒಬ್ಬರು ಬರೆಯಲು. ಕೊನೆಗೆ ಮೂವರ ಸಹಿ. ಇದು ಅಪನಂಬಿಕೆಯಲ್ಲ. ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಎತ್ತಿದಾಗ ಸಂತ ಪೌಲರು ಮಾಡಿದ್ದೂ ಹೀಗೆಯೇ. ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕಷ್ಟು ತೆಗೆದಿಡಲಿ, ಒಯ್ಯುವವರನ್ನು ನೀವೇ ಆರಿಸಿ, ಯಾರೂ ಬೆರಳು ತೋರಿಸದಂತೆ ನಡೆದುಕೊಳ್ಳೋಣ ಎಂದು ಕೊರಿಂಥಿಯರಿಗೆ ಬರೆದರು. ಇಂದಿಗೂ ಇದಕ್ಕಿಂತ ಒಳ್ಳೆಯ ಪದ್ಧತಿ ಸಿಗದು.

ಡಬ್ಬಿ ಸಂಖ್ಯೆಯ ಎದುರು ಮನೆಯವರ ಹೆಸರು, ವಿಳಾಸ ದಾಖಲಾಗಿರಬೇಕು. ಹಣ ಹೋಗುವುದು ಬರೀ ಧರ್ಮಾರ್ಥ ಟ್ರಸ್ಟಿಗಾದರೆ, ಹೆಸರಿಲ್ಲದ ದೇಣಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ ದಾಟಿದ ಭಾಗಕ್ಕೆ ಶೇ 30 ತೆರಿಗೆ ಬೀಳುತ್ತದೆ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಬೇಕೆನ್ನುವವರು 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು, ಚೆಕ್ಕೋ ಯುಪಿಐಯೋ ಆಗಬೇಕು.

ಹೊರದೇಶದಲ್ಲಿರುವ ನಮ್ಮವರ ವಿಷಯ: ಭಾರತದ ಪಾಸ್‌ಪೋರ್ಟ್ ಇರುವ ದುಬೈ, ಕುವೈತಿನವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಕೆನಡಾ, ಬ್ರಿಟನ್ ಪೌರತ್ವ ಪಡೆದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದಿದ್ದರೆ ಸ್ವೀಕರಿಸುವಂತಿಲ್ಲ. ವಾಟ್ಸಾಪಿನಲ್ಲಿ ಕ್ಯುಆರ್ ಕೋಡ್ ಹಂಚುವ ಮೊದಲು ಇದನ್ನು ಅದರ ಕೆಳಗೇ ಬರೆಯಿರಿ.

ಧರ್ಮಸಭೆಯ ಕಾನೂನು ಬಲ್ಲ ಗುರುಗಳು

ಪೂಜೆ ಕೋರಿಕೆಯನ್ನು ಇದರಲ್ಲಿ ಬೆರೆಸಬೇಡಿ. “500 ರೂಪಾಯಿ ಕೊಟ್ಟವರಿಗೆ ಒಂದು ಪೂಜೆ” ಎಂದು ಅಚ್ಚು ಹಾಕಿದ ದಿನವೇ ಅದು ದರಪಟ್ಟಿಯಾಗುತ್ತದೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 947ನೇ ವಿಧಿ ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ಛಾಯೆಯೂ ಇರಬಾರದೆನ್ನುತ್ತದೆ. 948ರ ಪ್ರಕಾರ, ಎಷ್ಟೇ ಚಿಕ್ಕದಿರಲಿ, ಸ್ವೀಕರಿಸಿದ ಪ್ರತಿ ಕಾಣಿಕೆಗೂ ಪ್ರತ್ಯೇಕ ಪೂಜೆ ಸಲ್ಲಬೇಕು. ನೂರು ಜನ ಕೊಟ್ಟರೆ ನೂರು ಪೂಜೆಯ ಋಣ ಗುರುಗಳ ತಲೆಯ ಮೇಲೆ. ಕೋರಿಕೆಗಳನ್ನು ಒಟ್ಟುಗೂಡಿಸಿ ಒಂದೇ ಪೂಜೆ ಮಾಡಲು ರೋಮಿನ 1991ರ ಆಜ್ಞೆ ಅವಕಾಶ ಕೊಟ್ಟರೂ, ಕೊಟ್ಟವರಿಗೆ ಮೊದಲೇ ತಿಳಿಸಿ ಒಪ್ಪಿಸಬೇಕು, ಅದೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಿಲ್ಲ. ಇದಕ್ಕೆ ಸರಳ ದಾರಿಯಿದೆ: ಯಾವ ಕಾಣಿಕೆಯನ್ನೂ ಪಡೆಯದೆ, ಕೊಟ್ಟವರಿಗೂ ಕೊಡಲಾಗದವರಿಗೂ ರೋಗಿಗಳಿಗೂ ಸೇರಿಸಿ ಒಂದು ಬಲಿಪೂಜೆ ಅರ್ಪಿಸುವಂತೆ ನಿಮ್ಮ ಫಾದರನ್ನು ಕೇಳಿ.

ಕೃಪೆಗೆ ಬೆಲೆ ಕಟ್ಟಿದರೆ ಏನಾಗುತ್ತದೆಂದು ಧರ್ಮಸಭೆ ಬಹಳ ನೋವಿನಿಂದ ಕಲಿತಿದೆ. 1517ರಲ್ಲಿ ಲೂಥರ್ ಎದ್ದುನಿಂತದ್ದು ದಂಡವಿಮೋಚನೆಯ (ಪಾಪಕ್ಕೆ ಸಲ್ಲುವ ಶಿಕ್ಷೆಯ ಮನ್ನಾ) ಹೆಸರಿನಲ್ಲಿ ಪ್ರಚಾರಕರು ಎತ್ತುತ್ತಿದ್ದ ಹಣದ ವಿರುದ್ಧ. ಬಿಷಪರ ಟ್ರೆಂಟ್ ಮಹಾಸಭೆ 1562ರಲ್ಲಿ ಹಣ ಎತ್ತುವ ಆ ಪ್ರಚಾರಕರ ಹುದ್ದೆಯನ್ನೇ ತೆಗೆದುಹಾಕಿತು. ಹಾಗಾಗಿ ನಿಮ್ಮ ಕರಪತ್ರದಲ್ಲಿ “ಕೊಟ್ಟರೆ ಹತ್ತುಪಟ್ಟು ಸಿಗುತ್ತದೆ”, “ರೋಗ ವಾಸಿಯಾಗುತ್ತದೆ” ಎಂಬ ಮಾತು ಎಲ್ಲೂ ಸುಳಿಯದಿರಲಿ.

ನೊವೇನಾ ಮಾಡಬಹುದು, ಆದರೆ ಒಂಬತ್ತು ದಿನವೂ ತಟ್ಟೆ ಹಿಡಿಯಬೇಡಿ. ಎಂಟು ದಿನ ರೋಗಿಗಳಿಗಾಗಿ ಪ್ರಾರ್ಥನೆ, ಒಂಬತ್ತನೇ ದಿನ ಮಾತ್ರ ಕಾಣಿಕೆ. ಸಂತ ಅಂತೋಣಿಯವರ ರೊಟ್ಟಿಯ ಪೆಟ್ಟಿಗೆ ನಿಮ್ಮಲ್ಲಿದ್ದರೆ ಅದರ ಹಣವನ್ನು ಔಷಧಿಗೆ ತಿರುಗಿಸುವಂತಿಲ್ಲ. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದು ಅದಕ್ಕೇ ಸಲ್ಲಬೇಕು (ವಿಧಿ 1267). ಅದು ಬಡವರ ಅನ್ನದ ಹಣ. ಅದೇ ರೋಗಿಗಳ ಮನೆಗೆ ಅಕ್ಕಿ ಕೊಡಿಸಬಹುದು.

ನಿಮ್ಮ ಧರ್ಮಕೇಂದ್ರದೊಳಗೆ ಮಾಡುವುದಕ್ಕೂ ಗುರುಗಳ ಒಪ್ಪಿಗೆ ಪಡೆಯಿರಿ. ಪಕ್ಕದ ಧರ್ಮಕೇಂದ್ರಗಳಿಗೆ ಹೋಗುವುದಾದರೆ 1265ನೇ ವಿಧಿಯಂತೆ ಧರ್ಮಾಧ್ಯಕ್ಷರ (ಬಿಷಪರ) ಲಿಖಿತ ಅನುಮತಿ ಬೇಕು. ಬಾಯಿಮಾತು ಸಾಲದು.

ಡಯಾಲಿಸಿಸ್ ರೋಗಿಗಳ ಜತೆ ಕೆಲಸ ಮಾಡುವ ಸಿಸ್ಟರ್

ಹಣ ಯಾವುದಕ್ಕೆ ಎಂಬುದನ್ನು ಡಬ್ಬಿ ಹಂಚುವ ಮೊದಲೇ ತೀರ್ಮಾನಿಸಿ. ಬಡವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗುತ್ತದೆ. ಕೊರತೆಯಿರುವುದು ಸುತ್ತಮುತ್ತಲಿನ ಖರ್ಚಿನಲ್ಲಿ: ವಾರಕ್ಕೆ ಎರಡು ಮೂರು ಸಲದ ಪ್ರಯಾಣ, ಜತೆಗೆ ಬರುವವರ ತಪ್ಪಿದ ಕೂಲಿ, ರಕ್ತ ಹೆಚ್ಚಿಸುವ ಇಂಜೆಕ್ಷನ್, ಪರೀಕ್ಷೆಗಳು. ಆಟೋಗೆ ಹೋಗಿ ಬರಲು 300 ರೂಪಾಯಿ ಎಂದರೂ ವಾರಕ್ಕೆ ಮೂರು ಸಲಕ್ಕೆ 900, ವರ್ಷಕ್ಕೆ 46,800. ನಿಮ್ಮ 1,26,000 ಇಬ್ಬರಿಗೆ ವರ್ಷಪೂರ್ತಿ ಸಾಕು, ಹತ್ತು ಜನರಿಗೆ ಹಂಚಿದರೆ ಹದಿನಾಲ್ಕು ವಾರಕ್ಕೇ ಮುಗಿಯುತ್ತದೆ. ಮಧ್ಯದಲ್ಲಿ ನೆರವು ನಿಂತರೆ ಡಯಾಲಿಸಿಸ್ ತಪ್ಪುತ್ತದೆ, ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಕಡಿಮೆ ಜನರನ್ನು ಆರಿಸಿ ಕೊನೆಯವರೆಗೆ ಕೈಬಿಡದಿರಿ.

ರೋಗಿಗಳ ಫೋಟೋ ಬ್ಯಾನರಿನಲ್ಲಿ ಬೇಡ. ನಿಮ್ಮ ಸಭೆಯವರು ಇಬ್ಬಿಬ್ಬರಾಗಿ ಮನೆಗೆ ಹೋಗಿ ನೋಡುವ ಪದ್ಧತಿ 1833ರಲ್ಲಿ ಓಝಾನಾಂ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲಿ ಸಭೆ ಕಟ್ಟಿದ ಕಾಲದ್ದು. ಆ ಭೇಟಿಯೇ ತನಿಖೆ, ಅದೇ ಸಾಂತ್ವನ. ಫೋಟೋ ಅಲ್ಲಿ ಏನನ್ನೂ ಸೇರಿಸುವುದಿಲ್ಲ.

ವಿನ್ಸೆಂಟ್ ಸಭೆಯ ಹಿರಿಯ ಸದಸ್ಯರು

ಗರಿಗಳ ಭಾನುವಾರದ ಸಲಹೆ ಒಪ್ಪಿದೆ. ಸಿಸ್ಟರ್ ಹೇಳಿದ ಲೆಕ್ಕವನ್ನು ಹಾಗೆಯೇ ಡಬ್ಬಿಯ ಚೀಟಿಯಲ್ಲಿ ಹಾಕಿ: “ಎರಡು ಶುಕ್ರವಾರದ ಉಳಿತಾಯ, ಒಬ್ಬರ ಒಂದು ದಿನದ ಆಟೋ.”

ದೊಡ್ಡ ಮೊತ್ತ ಕೊಡುವವರು ಹೆಸರು ಓದಬೇಕೆಂದು ಕೇಳಬಹುದು. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ಬೂದಿ ಬುಧವಾರದಂದೇ ಓದುವ ಪಾಠ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆನ್ನುವುದು ಅಲ್ಲಿಯೇ. ರಸೀದಿಯಲ್ಲಿ ಹೆಸರು ಸಾಕು, ಮೈಕಿನಲ್ಲಿ ಬೇಡ. ಓದಲೇಬೇಕಾದದ್ದು ಲೆಕ್ಕ. ಪಾಸ್ಕ ಹಬ್ಬದ ನಂತರದ ಭಾನುವಾರ ಓದಿ. ಮೂರು ವರ್ಷದ ಪಾಠಚಕ್ರದಲ್ಲಿ ಎರಡು ವರ್ಷ ಅಂದಿನ ಮೊದಲ ಪಾಠವೇ ಆದಿಕ್ರೈಸ್ತರು ತಮ್ಮದನ್ನು ಹಂಚಿಕೊಂಡ ಸಂಗತಿ. ಬಂದ ಡಬ್ಬಿ, ಬಾರದ ಡಬ್ಬಿ, ಒಟ್ಟು ಹಣ, ಡಬ್ಬಿ-ಮುದ್ರಣದ ಖರ್ಚು, ಎಷ್ಟು ಜನರಿಗೆ ಎಷ್ಟು ತಿಂಗಳ ನೆರವು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಬಾರದ ಡಬ್ಬಿಗಳ ಮನೆಯವರ ಹೆಸರನ್ನು ಮಾತ್ರ ಎಲ್ಲೂ ಹಾಕಬೇಡಿ, ಅವರಲ್ಲೇ ಕೆಲವರಿಗೆ ನಿಮ್ಮ ಭೇಟಿಯ ಅಗತ್ಯ ಇರಬಹುದು.